37ರ ಮಗ್ಗಿ ಮತ್ತು ವಿಕಿರಣದ ಲೆಕ್ಕ: ಬೆಕ್ವೆರೆಲ್, ಕ್ಯೂರಿ, ಸೀವರ್ಟ್‌ಗಳನ್ನು ಓದುವುದು ಹೇಗೆ?

2011ರ ಮಾರ್ಚ್ 23. ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ದುರಂತ ಸಂಭವಿಸಿ ಎರಡು ವಾರವೂ ಕಳೆದಿರಲಿಲ್ಲ. ಟೋಕಿಯೋ ಮಹಾನಗರಕ್ಕೆ ನೀರು ಒದಗಿಸುವ ಕನಾಮಾಚಿ ಶುದ್ಧೀಕರಣ ಘಟಕದ ನೀರಿನಲ್ಲಿ ಪ್ರತಿ ಕಿಲೋಗ್ರಾಂಗೆ 210 ಬೆಕ್ವೆರೆಲ್ ಪ್ರಮಾಣದ ವಿಕಿರಣಶೀಲ ಅಯೋಡಿನ್ ಕಂಡುಬಂದಿದೆ, ಹಸುಳೆಗಳಿಗೆ ಈ ನೀರನ್ನು ಕೊಡಬೇಡಿ ಎಂದು ನಗರಾಡಳಿತ ಪ್ರಕಟಿಸಿತು. ಅಂಗಡಿಗಳಲ್ಲಿದ್ದ ಬಾಟಲಿ ನೀರು ಕೆಲವೇ ಗಂಟೆಗಳಲ್ಲಿ ಖಾಲಿಯಾಯಿತು. ಮರುದಿನ ಅದೇ ಘಟಕದಲ್ಲಿ ಅಳತೆ 79ಕ್ಕೆ ಇಳಿದಿತ್ತು.

ಸಂಖ್ಯೆ ಎಲ್ಲರಿಗೂ ತಲುಪಿತು. ಅದರ ಅರ್ಥ ತಲುಪಿದ್ದು ಕೆಲವರಿಗೆ ಮಾತ್ರ. ಇದೇ ನೀರಿನ ವಿಕಿರಣಶೀಲತೆಯನ್ನು ಹಳೆಯ ಏಕಮಾನದಲ್ಲಿ ಹೇಳಿದ್ದರೆ ಅದು 5.7 ನ್ಯಾನೋಕ್ಯೂರಿ ಆಗುತ್ತಿತ್ತು. ಇನ್ನೂ ಚಿಕ್ಕ ಮಾನದಲ್ಲಿ ಹೇಳಿದ್ದರೆ ಸುಮಾರು 5,700 ಪೀಕೋಕ್ಯೂರಿ. ನೀರು ಒಂದೇ, ಅಪಾಯವೂ ಒಂದೇ. ಆದರೆ 5.7 ಎಂದರೆ ನಿರಾಳ, 5,700 ಎಂದರೆ ದಿಗಿಲು. ವಿಕಿರಣದ ಸುದ್ದಿ ಓದುವವನಿಗೆ ಏಕಮಾನಗಳ ಪರಿವರ್ತನೆ ತಿಳಿದಿರಬೇಕಾದದ್ದು ಈ ಕಾರಣಕ್ಕೆ.

ಇದು ನಮಗೆ ಹೊಸ ಸಂಗತಿಯೇನೂ ಅಲ್ಲ. ಹಳ್ಳಿಯ ಪಹಣಿಯಲ್ಲಿ ಜಮೀನು ಎಕರೆ, ಗುಂಟೆಗಳಲ್ಲಿರುತ್ತದೆ. ಬೆಂಗಳೂರಿನ ನಿವೇಶನ ಚದರಡಿಗಳಲ್ಲಿರುತ್ತದೆ. ಒಂದು ಗುಂಟೆ ಎಂದರೆ 1,089 ಚದರಡಿ. 1,089 ಎಂಬ ಸಂಖ್ಯೆ ದೊಡ್ಡದೆಂದು ಯಾರೂ ಅದನ್ನು ಒಂದು ಎಕರೆಗಿಂತ ಹೆಚ್ಚಿನ ಭೂಮಿ ಎಂದು ಭಾವಿಸುವುದಿಲ್ಲ. ವಿಕಿರಣದ ವಿಷಯದಲ್ಲಿ ಮಾತ್ರ ಇಂಥ ತಪ್ಪು ಪದೇಪದೇ ಆಗುತ್ತಿದೆ.

ಒಂದು ಗ್ರಾಂ ರೇಡಿಯಂನಿಂದ ಹುಟ್ಟಿದ ಮಾನ

ಯುರೇನಿಯಂ ಲವಣಗಳು ಬೆಳಕಿನ ಸಹಾಯವಿಲ್ಲದೆಯೇ ಛಾಯಾಚಿತ್ರ ಫಲಕವನ್ನು ಕಪ್ಪಾಗಿಸುತ್ತವೆ ಎಂಬುದನ್ನು ಫ್ರಾನ್ಸಿನ ಹೆನ್ರಿ ಬೆಕ್ವೆರೆಲ್ ಕಂಡುಕೊಂಡದ್ದು 1896ರಲ್ಲಿ. ಎರಡು ವರ್ಷಗಳ ನಂತರ ಮೇರಿ ಮತ್ತು ಪಿಯರ್ ಕ್ಯೂರಿ ದಂಪತಿಗಳು ಪೊಲೋನಿಯಂ ಹಾಗೂ ರೇಡಿಯಂ ಧಾತುಗಳನ್ನು ಗುರುತಿಸಿದರು. ರೇಡಿಯಂ ಚಿಕಿತ್ಸೆಗೆ ಬಳಕೆಯಾಗತೊಡಗಿದಂತೆ ಅಳತೆಗೊಂದು ಸಾಮಾನ್ಯ ಮಾನ ಬೇಕಾಯಿತು. 1910ರಲ್ಲಿ ಬ್ರಸೆಲ್ಸ್‌ನಲ್ಲಿ ನಡೆದ ವಿಜ್ಞಾನಿಗಳ ಸಮಾವೇಶದಲ್ಲಿ ಒಂದು ಗ್ರಾಂ ರೇಡಿಯಂನೊಡನೆ ಸಮತೋಲದಲ್ಲಿರುವ ರೇಡಾನ್ ಅನಿಲದ ಪ್ರಮಾಣಕ್ಕೆ 'ಕ್ಯೂರಿ' ಎಂದು ಹೆಸರಿಡಲಾಯಿತು.

ಒಂದು ಗ್ರಾಂ ರೇಡಿಯಂನಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 3,700 ಕೋಟಿ ಪರಮಾಣುಗಳು ಒಡೆಯುತ್ತವೆ. ಮುಂದೆ ಇದೇ ಸಂಖ್ಯೆಯನ್ನು ನಿಖರವಾಗಿ ನಿಗದಿಪಡಿಸಿ, ಯಾವುದೇ ವಿಕಿರಣಶೀಲ ವಸ್ತುವಿನಲ್ಲಿ ಸೆಕೆಂಡಿಗೆ 3,700 ಕೋಟಿ ವಿಘಟನೆಗಳಾದರೆ ಅದು ಒಂದು ಕ್ಯೂರಿ ಎಂದು ವ್ಯಾಖ್ಯಾನಿಸಲಾಯಿತು. ಕ್ಯೂರಿಯ ತೊಡಕು ಇರುವುದು ಇಲ್ಲಿಯೇ. ಅದು ದಶಮಾನ ಪದ್ಧತಿಗೆ ಒಗ್ಗದ ಸಂಖ್ಯೆ. ಜೊತೆಗೆ ನಿತ್ಯ ವ್ಯವಹಾರಕ್ಕೆ ಬಹಳ ದೊಡ್ಡ ಮಾನ.

1975ರಲ್ಲಿ ತೂಕ ಮತ್ತು ಅಳತೆಗಳ ಅಂತಾರಾಷ್ಟ್ರೀಯ ಮಹಾಸಭೆ ಸರಳವಾದ ಹೊಸ ಮಾನವನ್ನು ಅಂಗೀಕರಿಸಿತು. ಸೆಕೆಂಡಿಗೆ ಒಂದು ಪರಮಾಣು ವಿಘಟನೆಯಾದರೆ ಒಂದು ಬೆಕ್ವೆರೆಲ್. ಇದು ಇನ್ನೊಂದು ತುದಿ. ಕ್ಯೂರಿ ಎಷ್ಟು ದೊಡ್ಡದೋ ಬೆಕ್ವೆರೆಲ್ ಅಷ್ಟೇ ಚಿಕ್ಕದು. ಆರೋಗ್ಯವಂತ ವಯಸ್ಕನ ದೇಹದಲ್ಲಿ ಆಹಾರದ ಮೂಲಕ ಸೇರಿದ ಪೊಟ್ಯಾಸಿಯಂ-40 ಒಂದೇ ನಾಲ್ಕು ಸಾವಿರಕ್ಕೂ ಹೆಚ್ಚು ಬೆಕ್ವೆರೆಲ್‌ಗಳಷ್ಟಿರುತ್ತದೆ. ಹೀಗಾಗಿ ಬೆಕ್ವೆರೆಲ್ ಲೆಕ್ಕದಲ್ಲಿ ಸಾವಿರ, ಲಕ್ಷ, ಕೋಟಿಗಳು ಬಂದೊಡನೆ ಅದು ಅಪಾಯದ ಸೂಚನೆ ಎಂದು ಭಾವಿಸಬೇಕಿಲ್ಲ.

ಪರಿವರ್ತನೆಯ ಸೂತ್ರ

ಎರಡು ಮಾನಗಳ ನಡುವಿನ ಸಂಬಂಧವೆಲ್ಲ 37 ಎಂಬ ಒಂದು ಸಂಖ್ಯೆಯಲ್ಲಿ ಅಡಗಿದೆ. ಉಳಿದದ್ದು ಸಾವಿರದ ಮೆಟ್ಟಿಲುಗಳು ಮಾತ್ರ.

* 1 ಕ್ಯೂರಿ = 37 ಗಿಗಾಬೆಕ್ವೆರೆಲ್ (3,700 ಕೋಟಿ ಬೆಕ್ವೆರೆಲ್)
* 1 ಮಿಲಿಕ್ಯೂರಿ = 37 ಮೆಗಾಬೆಕ್ವೆರೆಲ್ (3.7 ಕೋಟಿ)
* 1 ಮೈಕ್ರೋಕ್ಯೂರಿ = 37 ಕಿಲೋಬೆಕ್ವೆರೆಲ್ (37 ಸಾವಿರ)
* 1 ನ್ಯಾನೋಕ್ಯೂರಿ = 37 ಬೆಕ್ವೆರೆಲ್
* 1 ಪೀಕೋಕ್ಯೂರಿ = 0.037 ಬೆಕ್ವೆರೆಲ್

ಕ್ಯೂರಿಯಿಂದ ಬೆಕ್ವೆರೆಲ್‌ಗೆ ಹೋಗಲು 37ರಿಂದ ಗುಣಿಸಬೇಕು. ಬೆಕ್ವೆರೆಲ್‌ನಿಂದ ಕ್ಯೂರಿಗೆ ಬರಲು 37ರಿಂದ ಭಾಗಿಸಬೇಕು. ಭಾಗಾಕಾರ ಕಷ್ಟವೆನಿಸಿದರೆ ಒಂದು ಸುಲಭೋಪಾಯವುಂಟು. 37ನ್ನು 27ರಿಂದ ಗುಣಿಸಿದರೆ 999, ಅಂದರೆ ಹೆಚ್ಚುಕಡಿಮೆ ಸಾವಿರ. ಆದ್ದರಿಂದ 37ರಿಂದ ಭಾಗಿಸುವ ಬದಲು 27ರಿಂದ ಗುಣಿಸಿ ಒಂದು ಮೆಟ್ಟಿಲು ಕೆಳಗಿಳಿದರೆ ಸಾಕು. 1 ಬೆಕ್ವೆರೆಲ್ ಎಂದರೆ ಸುಮಾರು 27 ಪೀಕೋಕ್ಯೂರಿ. 1 ಗಿಗಾಬೆಕ್ವೆರೆಲ್ ಎಂದರೆ ಸುಮಾರು 27 ಮಿಲಿಕ್ಯೂರಿ. ಟೋಕಿಯೋದ 210 ಬೆಕ್ವೆರೆಲ್ 5,670 ಪೀಕೋಕ್ಯೂರಿ ಆಗುವುದು ಹೀಗೆ.

ಪ್ರಯೋಗಾಲಯಗಳ ವರದಿಗಳಲ್ಲಿ 'ನಿಮಿಷಕ್ಕೆ ಇಷ್ಟು ವಿಘಟನೆ' ಎಂಬ ಮಾನವೂ ಕಾಣಸಿಗುತ್ತದೆ. ನಿಮಿಷಕ್ಕೆ 60 ವಿಘಟನೆಯಾದರೆ ಅದು 1 ಬೆಕ್ವೆರೆಲ್. ಆದರೆ ಗೈಗರ್ ಉಪಕರಣ ನಿಮಿಷಕ್ಕೆ 60 ಸಲ ಟಕಟಕ ಎಂದರೆ ಎದುರಿನ ವಸ್ತು 1 ಬೆಕ್ವೆರೆಲ್ ಎಂದರ್ಥವಲ್ಲ. ಒಡೆದ ಪರಮಾಣುಗಳೆಲ್ಲದರ ಕಿರಣಗಳೂ ಉಪಕರಣವನ್ನು ತಲುಪುವುದಿಲ್ಲ. ತಲುಪಿದವೆಲ್ಲವೂ ಎಣಿಕೆಗೆ ಸಿಗುವುದಿಲ್ಲ. ಎಣಿಕೆಯನ್ನು ಉಪಕರಣದ ದಕ್ಷತೆಯಿಂದ ಭಾಗಿಸಿದ ಮೇಲಷ್ಟೇ ನಿಜವಾದ ಲೆಕ್ಕ ದೊರೆಯುತ್ತದೆ.

ವಿಚಿತ್ರ ಸಂಖ್ಯೆಗಳ ರಹಸ್ಯ

ಚೆರ್ನೋಬಿಲ್ ದುರಂತದ ವರದಿಗಳನ್ನು ಓದಿದವರಿಗೆ ಕಲುಷಿತ ಪ್ರದೇಶಗಳನ್ನು ಪ್ರತಿ ಚದರ ಮೀಟರಿಗೆ 37, 185, 555 ಮತ್ತು 1,480 ಕಿಲೋಬೆಕ್ವೆರೆಲ್ ಸೀಸಿಯಂ-137 ಎಂಬ ಗಡಿಗಳಿಂದ ವಿಂಗಡಿಸಿರುವುದು ಕಂಡಿರಬಹುದು. ಇಷ್ಟು ವಿಲಕ್ಷಣವಾದ ಸಂಖ್ಯೆಗಳನ್ನು ಯಾರು ಆರಿಸಿದರು? ಉತ್ತರ ಸರಳ. ಸೋವಿಯತ್ ಅಧಿಕಾರಿಗಳು ಗಡಿ ಎಳೆದದ್ದು ಪ್ರತಿ ಚದರ ಕಿಲೋಮೀಟರಿಗೆ 1, 5, 15 ಮತ್ತು 40 ಕ್ಯೂರಿ ಎಂದು. ಅವನ್ನು ಹೊಸ ಮಾನಕ್ಕೆ ಪರಿವರ್ತಿಸಿದಾಗ 37ರ ಮಗ್ಗಿ ಹೊರಬಿತ್ತು. ಅಮೆರಿಕದಲ್ಲಿ ಮನೆಯೊಳಗಿನ ರೇಡಾನ್ ಅನಿಲಕ್ಕೆ ನಿಗದಿಯಾಗಿರುವ 148 ಬೆಕ್ವೆರೆಲ್ ಎಂಬ ಮಿತಿಯೂ ಹಾಗೆಯೇ. ಅದು ಲೀಟರಿಗೆ 4 ಪೀಕೋಕ್ಯೂರಿಯ ರೂಪಾಂತರ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಟ್ಟ ಪ್ರತಿ ಘನ ಮೀಟರಿಗೆ 100 ಬೆಕ್ವೆರೆಲ್. ಅದು ನೇರವಾಗಿ ಹೊಸ ಮಾನದಲ್ಲೇ ಹುಟ್ಟಿದ ಸಂಖ್ಯೆ.

ಬ್ರೆಜಿಲ್‌ನ ಗೋಯಾನಿಯಾ ನಗರದಲ್ಲಿ 1987ರ ಸೆಪ್ಟೆಂಬರಿನಲ್ಲಿ ಪಾಳುಬಿದ್ದ ಚಿಕಿತ್ಸಾಲಯವೊಂದರಿಂದ ಗುಜರಿ ಆಯುವವರು ಹೊತ್ತೊಯ್ದ ಯಂತ್ರಭಾಗದಲ್ಲಿ 50.9 ಟೆರಾಬೆಕ್ವೆರೆಲ್ ಸೀಸಿಯಂ-137 ಇತ್ತು. ಹಳೆಯ ಲೆಕ್ಕದಲ್ಲಿ 1,375 ಕ್ಯೂರಿ. ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿದ್ದ ಆ ಪುಡಿಯನ್ನು ನೆಂಟರಿಷ್ಟರಿಗೆ ಹಂಚಲಾಯಿತು. ನಾಲ್ವರು ಸತ್ತರು, ಒಂದು ಲಕ್ಷಕ್ಕೂ ಹೆಚ್ಚು ಮಂದಿಯನ್ನು ತಪಾಸಣೆಗೆ ಒಳಪಡಿಸಬೇಕಾಯಿತು. ಇಲ್ಲಿ 51 ಎಂಬ ಪುಟ್ಟ ಸಂಖ್ಯೆಯ ಹಿಂದಿರುವ 'ಟೆರಾ' ಎಂಬ ಎರಡಕ್ಷರವನ್ನು ಗಮನಿಸದವನಿಗೆ ದುರಂತದ ಗಾತ್ರವೇ ತಿಳಿಯುವುದಿಲ್ಲ. ಟೆರಾ ಎಂದರೆ ಒಂದು ಲಕ್ಷ ಕೋಟಿ.

ಆಸ್ಪತ್ರೆಯ ಚೀಟಿಯಲ್ಲಿ

ದುರಂತಗಳಿಗಿಂತ ಹೆಚ್ಚಾಗಿ ಜನಸಾಮಾನ್ಯರು ಈ ಮಾನಗಳನ್ನು ಎದುರಿಸುವುದು ಆಸ್ಪತ್ರೆಗಳಲ್ಲಿ. ಅಂತಾರಾಷ್ಟ್ರೀಯ ಮಾನ ಬೆಕ್ವೆರೆಲ್ ಆಗಿದ್ದರೂ ನಮ್ಮ ದೇಶದ ಅಣುವೈದ್ಯಕೀಯ ವಿಭಾಗಗಳಲ್ಲಿ ಇಂದಿಗೂ ಆಡುಮಾತು ಮಿಲಿಕ್ಯೂರಿಯದ್ದೇ. ಕ್ಯಾನ್ಸರ್ ತಪಾಸಣೆಯ ಪೆಟ್ ಸ್ಕ್ಯಾನ್‌ಗೆ 10 ಮಿಲಿಕ್ಯೂರಿ ಫ್ಲೋರಿನ್-18 ಕೊಟ್ಟರೆ ಅದು 370 ಮೆಗಾಬೆಕ್ವೆರೆಲ್. ಮೂಳೆಗಳ ಸ್ಕ್ಯಾನ್‌ಗೆ 20 ಮಿಲಿಕ್ಯೂರಿ ಟೆಕ್ನೀಷಿಯಂ ಕೊಟ್ಟರೆ 740 ಮೆಗಾಬೆಕ್ವೆರೆಲ್. ಥೈರಾಯ್ಡ್ ಕ್ಯಾನ್ಸರಿನ ಚಿಕಿತ್ಸೆಗೆ 100 ಮಿಲಿಕ್ಯೂರಿ ಅಯೋಡಿನ್-131 ಎಂದರೆ 3.7 ಗಿಗಾಬೆಕ್ವೆರೆಲ್.

ಇಲ್ಲಿ ಉಪಸರ್ಗದ ಒಂದು ತಪ್ಪು ಜೀವಕ್ಕೆ ಎರವಾಗಬಲ್ಲದು. ಥೈರಾಯ್ಡ್ ಗ್ರಂಥಿ ಅಯೋಡಿನ್ನನ್ನು ಎಷ್ಟು ಹೀರುತ್ತದೆ ಎಂದು ನೋಡಲು ಸಾಕಾಗುವುದು ಮೈಕ್ರೋಕ್ಯೂರಿಗಳಷ್ಟು ಅಯೋಡಿನ್-131. ಮೈಕ್ರೋ ಎಂದು ಬರೆಯಬೇಕಾದಲ್ಲಿ ಮಿಲಿ ಎಂದಾದರೆ ಪ್ರಮಾಣ ಸಾವಿರ ಪಟ್ಟು ಏರುತ್ತದೆ. ಪರೀಕ್ಷೆಗೆಂದು ಬಂದವರ ಗ್ರಂಥಿಯೇ ನಾಶವಾಗಬಹುದು. ಅಮೆರಿಕದ ಅಣು ನಿಯಂತ್ರಣ ಆಯೋಗದ ದಾಖಲೆಗಳಲ್ಲಿ ಇಂಥ ಪ್ರಕರಣಗಳು ಉಂಟು. ಹೊಸ ಮಾನದಲ್ಲೂ ಎಚ್ಚರ ತಪ್ಪುವಂತಿಲ್ಲ. ಇಂಗ್ಲಿಷಿನ ಸಣ್ಣ 'ಎಂ' ಮಿಲಿಯನ್ನೂ ದೊಡ್ಡ 'ಎಂ' ಮೆಗಾವನ್ನೂ ಸೂಚಿಸುತ್ತವೆ. ಎರಡರ ನಡುವಿನ ಅಂತರ ನೂರು ಕೋಟಿ ಪಟ್ಟು.

ಪರಿವರ್ತನೆಯ ಜೊತೆಗೆ ಗಡಿಯಾರವನ್ನೂ ನೋಡಬೇಕು. ಟೆಕ್ನೀಷಿಯಂ-99ಎಂ ಎಂಬ ವಸ್ತುವಿನ ಅರ್ಧಾಯುಷ್ಯ 6 ಗಂಟೆ. ಬೆಳಗ್ಗೆ 8 ಗಂಟೆಗೆ 40 ಮಿಲಿಕ್ಯೂರಿ ಇದ್ದದ್ದು ಮಧ್ಯಾಹ್ನ 2ಕ್ಕೆ 20, ರಾತ್ರಿ 8ಕ್ಕೆ 10 ಮಿಲಿಕ್ಯೂರಿ. ಅಯೋಡಿನ್-131ರ ಅರ್ಧಾಯುಷ್ಯ 8 ದಿನ. ಆದ್ದರಿಂದ ಯಾವ ದಿನ, ಯಾವ ಹೊತ್ತಿನ ಅಳತೆ ಎಂದು ಹೇಳದ ಬೆಕ್ವೆರೆಲ್ ಲೆಕ್ಕ ಅಪೂರ್ಣ.

ಎಣಿಕೆ ಬೇರೆ, ಖಾರ ಬೇರೆ

ಇಷ್ಟು ತಿಳಿದ ಮೇಲೂ ಓದುಗರು ಎಡವುವ ಇನ್ನೊಂದು ಸ್ಥಳವಿದೆ. ಬೆಕ್ವೆರೆಲ್, ಕ್ಯೂರಿಗಳು ವಸ್ತುವಿನಲ್ಲಿ ನಡೆಯುವ ವಿಘಟನೆಯ ಎಣಿಕೆಯನ್ನು ಮಾತ್ರ ಹೇಳುತ್ತವೆ. ಅದರಿಂದ ದೇಹಕ್ಕೆ ಆಗುವ ಪರಿಣಾಮವನ್ನು ಅವು ಹೇಳುವುದಿಲ್ಲ. ಮೂಟೆಯಲ್ಲಿ ನೂರು ಮೆಣಸಿನಕಾಯಿ ಇದೆ ಎಂದರೆ ಎಷ್ಟು ಖಾರ ಎಂದು ತಿಳಿಯುವುದೇ? ಬ್ಯಾಡಗಿಯೋ ಗುಂಟೂರೋ, ಕೈಯಲ್ಲಿ ಹಿಡಿದದ್ದೋ ಬಾಯಿಗೆ ಹಾಕಿಕೊಂಡದ್ದೋ, ತಿಂದವರು ದೊಡ್ಡವರೋ ಕೂಸೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ವಿಕಿರಣದ ಮಾತೂ ಹಾಗೆಯೇ.

ದೇಹ ಹೀರಿಕೊಂಡ ಶಕ್ತಿಯನ್ನು ಅಳೆಯುವ ಮಾನ 'ಗ್ರೇ', ಹಳೆಯದು 'ರ‍್ಯಾಡ್'. ಆ ಶಕ್ತಿ ಜೀವಕೋಶಗಳಿಗೆ ಮಾಡುವ ಹಾನಿಯನ್ನೂ ಪರಿಗಣಿಸಿ ಹೇಳುವ ಮಾನ 'ಸೀವರ್ಟ್', ಹಳೆಯದು 'ರೆಮ್'. ಇವುಗಳ ಪರಿವರ್ತನೆ ಸುಲಭ.

* 1 ಗ್ರೇ = 100 ರ‍್ಯಾಡ್
* 1 ಸೀವರ್ಟ್ = 100 ರೆಮ್
* 1 ರೆಮ್ = 10 ಮಿಲಿಸೀವರ್ಟ್
* 1 ಮಿಲಿಸೀವರ್ಟ್ = 1,000 ಮೈಕ್ರೋಸೀವರ್ಟ್

ಗಾಮಾ ಮತ್ತು ಕ್ಷಕಿರಣಗಳಿಗೆ ಒಂದು ಗ್ರೇ ಎಂದರೆ ಒಂದು ಸೀವರ್ಟ್. ಆಲ್ಫಾ ಕಣಗಳಿಗೆ ಒಂದು ಗ್ರೇ ಎಂದರೆ 20 ಸೀವರ್ಟ್. ಗಾಳಿಯಲ್ಲಿ ಕ್ಷಕಿರಣ ಉಂಟುಮಾಡುವ ವಿದ್ಯುದಾವೇಶವನ್ನು ಅಳೆಯುತ್ತಿದ್ದ ಹಳೆಯ 'ರಾಂಟ್ಜನ್' ಮಾನವನ್ನು ಸ್ಥೂಲವಾಗಿ 10 ಮಿಲಿಸೀವರ್ಟ್ ಎಂದು ಎಣಿಸಬಹುದು.

1986ರ ಏಪ್ರಿಲ್ 26ರ ರಾತ್ರಿ ಚೆರ್ನೋಬಿಲ್‌ನಲ್ಲಿ ಮೇಲಧಿಕಾರಿಗಳಿಗೆ ವರದಿಯಾದದ್ದು ಗಂಟೆಗೆ 3.6 ರಾಂಟ್ಜನ್. ಆ ಸಂಖ್ಯೆ ಬಂದದ್ದಾದರೂ ಎಲ್ಲಿಂದ? ಸಿಬ್ಬಂದಿಯ ಕೈಯಲ್ಲಿದ್ದ ಉಪಕರಣಗಳ ಗರಿಷ್ಠ ಮಿತಿ ಸೆಕೆಂಡಿಗೆ 1,000 ಮೈಕ್ರೋರಾಂಟ್ಜನ್. ಅದನ್ನು 3,600 ಸೆಕೆಂಡುಗಳಿಂದ ಗುಣಿಸಿದರೆ ಗಂಟೆಗೆ 3.6 ರಾಂಟ್ಜನ್. ಪರಿವರ್ತನೆ ಸರಿಯಾಗಿಯೇ ಇತ್ತು. ಆದರೆ ಮುಳ್ಳು ಕೊನೆಯ ಅಂಕಿಯಲ್ಲಿ ನಿಂತಿತ್ತು. ಅದಕ್ಕಿಂತ ಮೇಲೆ ಹೋಗಲು ಅದಕ್ಕೆ ಜಾಗವೇ ಇರಲಿಲ್ಲ. ಒಡೆದ ರಿಯಾಕ್ಟರಿನ ಬಳಿ ನಿಜವಾದ ಮಟ್ಟ ಗಂಟೆಗೆ ಸಾವಿರಾರು ರಾಂಟ್ಜನ್ ಇತ್ತು. ತೀವ್ರ ವಿಕಿರಣ ಬೇನೆಯಿಂದ ಅದೇ ವರ್ಷ 28 ಮಂದಿ ಪ್ರಾಣ ಬಿಟ್ಟರು. ಸೂತ್ರ ಎಷ್ಟೇ ಸರಿಯಿದ್ದರೂ ಅಳತೆಯೇ ಸುಳ್ಳಾದರೆ ಉತ್ತರವೂ ಸುಳ್ಳು.

ಬೆಕ್ವೆರೆಲ್‌ನಿಂದ ಸೀವರ್ಟ್‌ಗೆ

ಬೆಕ್ವೆರೆಲ್ಲನ್ನು ಸೀವರ್ಟ್ ಆಗಿಸಲು 37ರಂತಹ ಒಂದೇ ಸಂಖ್ಯೆ ಇಲ್ಲ. ಪ್ರತಿ ವಸ್ತುವಿಗೂ, ಅದು ದೇಹ ಸೇರುವ ಮಾರ್ಗಕ್ಕೂ, ವಯಸ್ಸಿಗೂ ಪ್ರತ್ಯೇಕ ಗುಣಾಂಕಗಳಿವೆ. ವಿಕಿರಣ ರಕ್ಷಣೆಯ ಅಂತಾರಾಷ್ಟ್ರೀಯ ಆಯೋಗ ಅವನ್ನು ಪಟ್ಟಿ ಮಾಡಿ ಕೊಟ್ಟಿದೆ.

ಅಯೋಡಿನ್-131 ಬಾಯಿಯ ಮೂಲಕ ಸೇರಿದರೆ ವಯಸ್ಕರಿಗೆ ಪ್ರತಿ ಬೆಕ್ವೆರೆಲ್‌ಗೆ 0.022 ಮೈಕ್ರೋಸೀವರ್ಟ್, ವರ್ಷ ತುಂಬದ ಹಸುಳೆಗೆ 0.18 ಮೈಕ್ರೋಸೀವರ್ಟ್. ಟೋಕಿಯೋದ 210 ಬೆಕ್ವೆರೆಲ್ ನೀರನ್ನು ಒಂದು ಲೀಟರ್ ಕುಡಿದ ವಯಸ್ಕರಿಗೆ 4.6 ಮೈಕ್ರೋಸೀವರ್ಟ್ ತಗಲುತ್ತದೆ. ಹಸುಳೆಗೆ ಅದೇ ಲೀಟರಿನಿಂದ ಸುಮಾರು 38. ದಿನಕ್ಕೊಂದು ಲೀಟರಿನಂತೆ ಅದೇ ಮಟ್ಟದ ನೀರು ಒಂದು ತಿಂಗಳು ಮುಂದುವರಿದಿದ್ದರೆ ಹಸುಳೆಯ ಪಾಲು 1.1 ಮಿಲಿಸೀವರ್ಟ್ ದಾಟುತ್ತಿತ್ತು. ಸಾರ್ವಜನಿಕರಿಗೆ ಇಡೀ ವರ್ಷಕ್ಕೆ ವಿಧಿಸಿರುವ ಮಿತಿಯೇ 1 ಮಿಲಿಸೀವರ್ಟ್. ಕೂಸಿನ ಥೈರಾಯ್ಡ್ ಗ್ರಂಥಿ ಚಿಕ್ಕದು. ಅಷ್ಟೇ ಅಯೋಡಿನ್ ಅಲ್ಲಿ ಸೇರಿದಾಗ ಪ್ರತಿ ಗ್ರಾಂ ಅಂಗಾಂಶಕ್ಕೆ ಬೀಳುವ ಪೆಟ್ಟು ದೊಡ್ಡದು. ಹಸುಳೆಗಳಿಗೆ 100, ದೊಡ್ಡವರಿಗೆ 300 ಬೆಕ್ವೆರೆಲ್ ಎಂಬ ಬೇರೆಬೇರೆ ಮಿತಿಯನ್ನು ಜಪಾನ್ ಅನುಸರಿಸಿದ್ದು ಇದರಿಂದಲೇ. ಒಂದು ದಿನದ ಎಚ್ಚರಿಕೆ ಅತಿರೇಕವೂ ಆಗಿರಲಿಲ್ಲ, ಊರು ಬಿಟ್ಟು ಓಡಬೇಕಾದ ಸ್ಥಿತಿಯೂ ಅದಾಗಿರಲಿಲ್ಲ.

ಟ್ರಿಟಿಯಂನ ಲೆಕ್ಕ ಇದಕ್ಕೆ ತದ್ವಿರುದ್ಧ. ನೀರಿನ ರೂಪದಲ್ಲಿ ದೇಹ ಸೇರಿದ ಟ್ರಿಟಿಯಂನ ಪ್ರತಿ ಬೆಕ್ವೆರೆಲ್ ವಯಸ್ಕರಿಗೆ ನೀಡುವುದು 0.000018 ಮೈಕ್ರೋಸೀವರ್ಟ್ ಮಾತ್ರ. ಅಂದರೆ ಬೆಕ್ವೆರೆಲ್‌ಗೆ ಬೆಕ್ವೆರೆಲ್ ಹೋಲಿಸಿದರೆ ಅಯೋಡಿನ್-131 ಟ್ರಿಟಿಯಂಗಿಂತ ಸುಮಾರು 1,200 ಪಟ್ಟು ಪ್ರಬಲ. ಫುಕುಶಿಮಾದಿಂದ 2023ರ ಆಗಸ್ಟ್ 24ರಂದು ಸಮುದ್ರಕ್ಕೆ ಬಿಡಲಾರಂಭಿಸಿದ ಸಂಸ್ಕರಿತ ನೀರಿನಲ್ಲಿ ಟ್ರಿಟಿಯಂ ಲೀಟರಿಗೆ 1,500 ಬೆಕ್ವೆರೆಲ್ ಮೀರಬಾರದು, ವರ್ಷಕ್ಕೆ 22 ಟೆರಾಬೆಕ್ವೆರೆಲ್ ದಾಟಬಾರದು ಎಂದು ನಿಗದಿಯಾಗಿತ್ತು. 22 ಟೆರಾಬೆಕ್ವೆರೆಲ್ ಎಂದರೆ ಸುಮಾರು 595 ಕ್ಯೂರಿ, ತೂಕದಲ್ಲಿ 0.06 ಗ್ರಾಂನಷ್ಟು ಟ್ರಿಟಿಯಂ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 10,000 ಬೆಕ್ವೆರೆಲ್. ಇದರಲ್ಲಿ ಯಾವ ಸಂಖ್ಯೆಯನ್ನು ತಲೆಬರಹಕ್ಕೆ ಆರಿಸಿಕೊಂಡರು ಎಂಬುದರ ಮೇಲೆ ಓದುಗನ ಅಭಿಪ್ರಾಯ ರೂಪುಗೊಳ್ಳುತ್ತದೆ.

ಕರ್ನಾಟಕಕ್ಕೂ ಟ್ರಿಟಿಯಂ ಅಪರಿಚಿತವಲ್ಲ. 2009ರ ನವೆಂಬರಿನಲ್ಲಿ ಉತ್ತರ ಕನ್ನಡದ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂಯುಕ್ತ ಭಾರಜಲ ಸೇರಿದ್ದು ಸಿಬ್ಬಂದಿಯ ಮೂತ್ರ ಪರೀಕ್ಷೆಯಿಂದ ಬೆಳಕಿಗೆ ಬಂದಿತ್ತು. ಇಂಥ ಸಂದರ್ಭದಲ್ಲಿ ಮೂತ್ರದಲ್ಲಿ ಅಳೆಯುವುದು ಬೆಕ್ವೆರೆಲ್. ಕಾರ್ಮಿಕನ ಹೆಸರಿಗೆ ದಾಖಲಾಗಬೇಕಾದದ್ದು ಮಿಲಿಸೀವರ್ಟ್. ಭಾರತದಲ್ಲಿ ವಿಕಿರಣ ಕ್ಷೇತ್ರದ ನೌಕರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20, ಯಾವುದೇ ಒಂದು ವರ್ಷದಲ್ಲಿ ಗರಿಷ್ಠ 30 ಮಿಲಿಸೀವರ್ಟ್ ಎಂಬ ಮಿತಿಯಿದೆ. ಟ್ರಿಟಿಯಂ ನೀರಿನಿಂದ 20 ಮಿಲಿಸೀವರ್ಟ್ ತಗಲಬೇಕಾದರೆ ಸುಮಾರು 1.1 ಗಿಗಾಬೆಕ್ವೆರೆಲ್, ಅಂದರೆ 30 ಮಿಲಿಕ್ಯೂರಿ ದೇಹ ಸೇರಬೇಕು. ಇಂಥವರಿಗೆ ಹೆಚ್ಚು ನೀರು ಕುಡಿಸುವುದೇ ಚಿಕಿತ್ಸೆ; ದೇಹದ ನೀರಿನೊಡನೆ ಬೆರೆತ ಟ್ರಿಟಿಯಂ ಅದರೊಡನೆಯೇ ಹೊರಹೋಗುತ್ತದೆ.

ಸುದ್ದಿ ಓದುವಾಗ ಕೇಳಬೇಕಾದ ಪ್ರಶ್ನೆಗಳು

ವಿಕಿರಣದ ಸುದ್ದಿಯಲ್ಲಿ ಸಂಖ್ಯೆ ಕಂಡಾಗ ಐದು ಪ್ರಶ್ನೆಗಳನ್ನು ಹಾಕಿಕೊಂಡರೆ ಅನಗತ್ಯ ಭಯವೂ ಇಲ್ಲ, ಹುಸಿ ಧೈರ್ಯವೂ ಇಲ್ಲ.

* ಇದು ವಿಘಟನೆಯ ಎಣಿಕೆಯೋ (ಬೆಕ್ವೆರೆಲ್, ಕ್ಯೂರಿ), ದೇಹಕ್ಕೆ ತಗಲಿದ ಪ್ರಮಾಣವೋ (ಸೀವರ್ಟ್, ರೆಮ್)?
* ಉಪಸರ್ಗ ಯಾವುದು? ಮೈಕ್ರೋ, ಮಿಲಿ, ಮೆಗಾ, ಟೆರಾ ಇವುಗಳಲ್ಲಿ ಒಂದು ತಪ್ಪಿದರೂ ಲೆಕ್ಕ ಸಾವಿರಾರು ಪಟ್ಟು ತಪ್ಪುತ್ತದೆ.
* ಯಾವುದಕ್ಕೆ ಎಷ್ಟು? ಪ್ರತಿ ಲೀಟರಿಗೋ, ಕಿಲೋಗ್ರಾಂಗೋ, ಚದರ ಮೀಟರಿಗೋ, ಗಂಟೆಗೋ, ವರ್ಷಕ್ಕೋ?
* ವಸ್ತು ಯಾವುದು, ಅದರ ಅರ್ಧಾಯುಷ್ಯವೆಷ್ಟು, ಅಳತೆ ಯಾವಾಗಿನದು?
* ಉಪಕರಣದ ಮಿತಿಯೊಳಗೆ ಸಿಕ್ಕ ಅಳತೆಯೇ ಅದು?

ಮೂರನೆಯ ಪ್ರಶ್ನೆಗೊಂದು ಉದಾಹರಣೆ. ಗಂಟೆಗೆ 0.2 ಮೈಕ್ರೋಸೀವರ್ಟ್ ಎಂದರೆ ವರ್ಷದ 8,760 ಗಂಟೆಗಳಿಗೆ ಸುಮಾರು 1.75 ಮಿಲಿಸೀವರ್ಟ್. ಮಣ್ಣು, ಕಲ್ಲು, ಗಾಳಿ, ಆಹಾರ ಮತ್ತು ಆಕಾಶದಿಂದ ಮನುಷ್ಯನಿಗೆ ಸಹಜವಾಗಿ ದೊರೆಯುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. 370 ಮೆಗಾಬೆಕ್ವೆರೆಲ್‌ನ ಒಂದು ಪೆಟ್ ಸ್ಕ್ಯಾನ್‌ನಲ್ಲಿ ಚುಚ್ಚುಮದ್ದಿನಿಂದಲೇ ಸುಮಾರು 7 ಮಿಲಿಸೀವರ್ಟ್ ತಗಲುತ್ತದೆ. ಹೋಲಿಕೆಗೆ ಇಷ್ಟು ಕೈಯಲ್ಲಿದ್ದರೆ ಉಳಿದದ್ದನ್ನು ಓದುಗರೇ ತೂಗಿ ನೋಡಬಹುದು.

ಟೋಕಿಯೋದ ತಾಯಂದಿರಿಗೆ ಅಂದು ಬೇಕಿದ್ದದ್ದು 210 ಎಂಬ ಸಂಖ್ಯೆಯಲ್ಲ. ಮಗುವಿನ ಹಾಲಿನ ಪುಡಿಯನ್ನು ಈ ನೀರಿನಲ್ಲಿ ಕಲಸಬಹುದೇ, ಎಷ್ಟು ದಿನ ಕಲಸಬಾರದು ಎಂಬ ಉತ್ತರ. 210ರಿಂದ ಆ ಉತ್ತರಕ್ಕೆ ಹೋಗುವ ದಾರಿಯೇ ಏಕಮಾನಗಳ ಪರಿವರ್ತನೆ. ಅದು ವಿಜ್ಞಾನಿಗಳಿಗೆ ಮಾತ್ರ ಮೀಸಲಾದ ವಿದ್ಯೆಯಲ್ಲ. 37ರ ಮಗ್ಗಿ ಬರುವವರಾರೂ ಅದನ್ನು ಕಲಿಯಬಲ್ಲರು.